ಕಾಲು ಸುತ್ತು

ಶಹಾಬಜಾರದಾಗ ನಂದು ಫ್ರಿಜ್ ರಿಪೇರಿ ಅಂಗಡಿ.
ಇಪ್ಪತ್ತಾರು ವರ್ಷ ಗ್ಯಾಸ್ ತುಂಬೀನಿ, ಗ್ಯಾಸ್ ಬಿಟ್ಟೀನಿ,
ಬಂದೂಕು ಮಾತ್ರ ಮುಟ್ಟಿದವ ಅಲ್ಲ.
ಏಪ್ರಿಲ್ ಕಡೀ ವಾರ, ಮಟಮಟ ಮಧ್ಯಾಹ್ನ,
ಕೂಸಿನಂಗ ಚಾದರದಾಗ ಸುತಗೊಂಡು ತಂದ್ಳು
ಹಫ್ತ್ ಗುಂಬಜ್ ಕಡಿ ಹುಡುಗಿ, ತಸ್ಕೀನ್.
"ಅಂಬಾರಾಯ ಕಾಕಾ, ಇದೂ ಗ್ಯಾಸಿಂದೇ. ನೋಡ್ರಿ."

ಗುರಿ ಹೊಡಿಯೋ ರೈಫಲ್. ಹಳೇದು,
ಮೂರು ಕೈ ದಾಟಿ ಬಂದದ್ದು.
ನಳಿಗಿ ಕೆಳಗ ಗೇಣುದ್ದ ಸಿಲಿಂಡರ್, ಸೋಡಾ ಗ್ಯಾಸ್.
ಹಕ್ಕಿಗಲ್ಲ, ಹಂದಿಗಲ್ಲ,
ಹತ್ತು ಮೀಟರ್ ದೂರ ಕಾಗದದ ಮ್ಯಾಲ
ಸಾಸಿವಿಗಿಂತ ಸಣ್ಣ ಒಂದು ಬಿಳಿ ಚುಕ್ಕಿಗಿ.

"ಮುಂಜಾನಿ ಛೊಲೊ ಹೊಡಿತದ.
ಹನ್ನೊಂದು ದಾಟಿತಂದ್ರ ಛರ್ರಾ ಮ್ಯಾಲ ಮ್ಯಾಲ ಏರ್ತದ,
ಎರಡಕ್ಕ ಬರೇ ಪುಸ್ ಅಂತದ.
ರಾತ್ರಿ ತುಂಬಿಟ್ಟದ್ದು ನಸಕಿಗಿ ಅರ್ಧ.
ಸರ್ ಅಂತಾರ, ನಿನ್ನ ಕೈನೇ ನಡುಗ್ತದ ಅಂತ."
ಕೈ ಚಾಚಿದ್ಳು.
ಬೆರಳ ತುದಿ ಮ್ಯಾಲ ಒಂದು ಛರ್ರಾ ಇಟ್ಟು ನೋಡ್ದೆ.
ಉರುಳಲಿಲ್ಲ.

ಮೊದಲ ಸೋರಿದ್ದು ಹುಡುಕಬೇಕು.
ಸಬೂನಿನ ನೊರಿ, ಸಣ್ಣ ಬ್ರಶ್, ಸಬೂರಿ.
ಸಿಲಿಂಡರ್ ಕೂಡೋ ಕಡಿ ಹಚ್ಚಿದೆ, ಏನಿಲ್ಲ.
ನಳಿಗಿ ಬಾಯಿಗಿ ಹಚ್ಚಿದೆ,
ಒಂದು ಚಹಾ ಮುಗಿಯೋತನಕ ಏನಿಲ್ಲ,
ಆಮ್ಯಾಲ ಒಂದೇ ಒಂದು ಗುಳ್ಳಿ,
ನಿದ್ದ್ಯಾಗಿನ ಕೂಸು ತುಟಿ ಉಬ್ಬಿಸಿದಂಗ.
ಕಳ್ಳ ಒಳಗ ವಾಲ್ವಿನಾಗ ಕುಂತಾನ.

ಗ್ಯಾಸ್ ಪೂರಾ ಬಿಟ್ಟೆ. ಬಿಟ್ಟೀನೋ ಇಲ್ಲೋ ಅಂತ ಮತ್ತೊಮ್ಮಿ ಬಿಟ್ಟೆ.
ಬಿಚ್ಚಿದ್ರ ಜೀರಿಗಿ ಮುರಿದಷ್ಟು ಹಿತ್ತಾಳಿ ಚೂರು,
ಅದರ ಬಾಜೂಕ ಹರಿದ ರಿಂಗು.
ಫ್ರಿಜ್ಜಿಂದು ಒಂದು ಹಾಕಿದೆ, ಜಂಬದಾಗ.
ಮರುದಿನ ಅದು ನೆನಿ ಹಾಕಿದ ತೊಗರಿಯಂಗ ಉಬ್ಬಿತ್ತು.
ಈ ಗ್ಯಾಸ್ ರಬ್ಬರಿನೊಳಗ ಹೊಕ್ಕು ಮನಿ ಮಾಡ್ತದ,
ನನಗ ಗೊತ್ತಿದ್ದಿಲ್ಲ.
ಹೈದರಾಬಾದಿಂದ ಬ್ಯಾರೆ ತರದ್ದು ತರಿಸಿದೆ:
ರಿಂಗಿಗಿ ಹನ್ನೆರಡು ರೂಪಾಯಿ,
ತಂದ ಬಸ್ ಕಂಡಕ್ಟರಿಗಿ ಐವತ್ತು.

ಸೋರೋದು ನಿಂತಿತು. ಏರೋದು ನಿಲ್ಲಲಿಲ್ಲ.
ಸುತ್ತಿಗಿ ಸ್ಪ್ರಿಂಗಿನ ಸ್ಕ್ರೂ ಕಾಲು ಸುತ್ತು ಒಳಗ, ಹೊಡಿ.
ಕಾಲು ಸುತ್ತು ಹೊರಗ, ಹೊಡಿ.
ಮುಂಜಾನಿಗಿ ಕೂಡಿಸಿದ್ರ ಮಧ್ಯಾಹ್ನ ಮುನಿಸು,
ಮಧ್ಯಾಹ್ನಕ್ಕ ಕೂಡಿಸಿದ್ರ ಮುಂಜಾನಿ.
ನಾಕು ದಿನ ಹಿಂಗೇ.
ಗಿರಾಕಿಗಳ ಕೂಲರ್ ಹಂಗೇ ಬಿದ್ದಿದ್ದವು,
ನನ್ನಾಕಿ ಮಾತು ಬಿಟ್ಟಿದ್ಳು.

ಐದನೇ ದಿನ ಅವರ ಮಾಳಗಿ ಹತ್ತಿದೆ.
ನೀರಿನ ಟಾಕಿಯಿಂದ ಮೆಟ್ಟಲತನಕ ಸರಿಯಾಗಿ ಹತ್ತು ಮೀಟರ್,
ಅದೇ ಅಕಿ ಮೈದಾನ.
ಸಿಲಿಂಡರ್ ಶಹಾಬಾದ ಫರ್ಸಿ ಮ್ಯಾಲ ಬಿಸಲಾಗ ಮಲಗಿತ್ತು.
ಮುಟ್ಟಿ ಕೈ ಝಾಡಿಸಿದೆ. ರೊಟ್ಟಿ ಹಂಚು.
ಒಳಗ ನೀರಾಗಿ ಇರಬೇಕಾದ ಗ್ಯಾಸು
ಮೂವತ್ತೊಂದು ಡಿಗ್ರಿ ದಾಟಿತಂದ್ರ ನೀರೂ ಆಗಿರಂಗಿಲ್ಲ, ಹವಾನೂ ಅಲ್ಲ.
ಒಳಗಿಂದ ಬಾಗಲಕ್ಕ ಬೆನ್ನು ಕೊಟ್ಟು ನಿಂತುಬಿಡ್ತದ,
ಸುತ್ತಿಗಿ ಎಷ್ಟು ಬಡದ್ರೂ ತೆಗಿಯಂಗಿಲ್ಲ.
ನಮ್ಮೂರಾಗ ಅವತ್ತು ನಲವತ್ಮೂರು.

"ಹಂಗಾರ ಫ್ರಿಜ್ಜಿನಾಗ ಇಡ್ಲಾ ಕಾಕಾ?"
"ಬ್ಯಾಡವ್ವಾ, ಫ್ರಿಜ್ಜು ಲೈಟಿನ ನಂಬಿ ಕುಂತದ."
ರಂಜಣಗಿ ಬುಡಕ ಹಸಿ ಉಸುಕು, ಅದರಾಗ ಸಿಲಿಂಡರ್,
ಮ್ಯಾಲ ತೊಯ್ಸಿದ ಗೋಣಿ.
ಟಾಕಿ ನೆರಳಿಗಿ ನಿಂತು ಹೊಡಿ.
ಒಂದಕ್ಕೊಂದು ಹತ್ತಿ ಹೊಡಿಬ್ಯಾಡ,
ಅದಕ್ಕೂ ದಮ್ಮು ತಗೊಳ್ಳಾಕ ಬಿಡು.

ಐದು ಹೊಡದ್ಳು. ಬೆರಳು ನೆಟಿಗಿ ತೆಗದಂಗ ಸದ್ದು, ಐದೂ ಒಂದೇ.
ಓಡಿ ಹೋಗಿ ಕಾಗದ ತಂದ್ಳು:
ಐದಕ್ಕೂ ಕೂಡಿ ಒಂದೇ ತೂತು, ಅಂಚು ಹರಿದದ್ದು,
ನಡುವಿಗಿ ಅಲ್ಲ, ಕೂದಲೆಳಿ ಎಡಕ್ಕ.
"ಇದು ಗ್ಯಾಸಿಂದಲ್ಲ," ಅಂದೆ.
"ಹೌದ್ರಿ ಕಾಕಾ, ಇದು ನಂದು, ನಂದೇ!"
ಮದವಿ ಸೀರಿ ತೋರಿಸಿದಂಗ ಆ ತಪ್ಪು
ಅವರ ಅಮ್ಮಗ, ತಮ್ಮಗ, ಮಗ್ಗಲ ಮನಿ ಮಾಳಗಿಗೆಲ್ಲ ತೋರಿಸಿದ್ಳು.

ಬಿಲ್ ಬುಕ್ ಮರತು ಬಂದಿದ್ದೆ.
ಅದೇ ಕಾಗದದ ಹಿಂದ ಬರದೆ:
ರಿಂಗ್ ಎರಡು, ಇಪ್ಪತ್ನಾಕು.
ಕಂಡಕ್ಟರ್, ಐವತ್ತು.
ಮಜೂರಿ ಬರಿಯಾಕ ಹೋದ್ರ
ಆ ಜಾಗದಾಗ ತೂತು.