ಜೀನ್ಸ್

ಮೋತಿ ಸರ್ಕಲ್ ಹತ್ತಿರ, ಎರಡನೇ ಮಹಡಿ.
ಡಾಕ್ಟರಮ್ಮ ತೆರೆಯ ಮೇಲೆ ಬೆರಳಿಟ್ಟು ತೋರಿಸಿದರು:
ಅಂಡಾಶಯದ ಅಂಚಿಗೆ ಸಾಲಾಗಿ ಕಪ್ಪು ಗುಂಡಿ,
ಯಾರೋ ಹಚ್ಚಿ, ಕಾಜ ಮಾಡುವುದನ್ನು ಮರೆತ ಹಾಗೆ.
"ಇದು ಜೀನ್ಸಿನಿಂದಲೂ ಬರುತ್ತಮ್ಮ."
ನನ್ನ ಕೈ ನೋಡಿಕೊಂಡೆ,
ಉಗುರ ಸಂದಿಯಲ್ಲಿ ಹನ್ನೊಂದು ವರ್ಷದ ನೀಲಿ.
"ಬರೇ ಸೊಂಟಪಟ್ಟಿ ಹೊಲೀತೀನ್ರಿ, ಬಣ್ಣದ ಕಡೆ ಹೋಗಂಗಿಲ್ಲ."
ನಕ್ಕರು. ಹೊತ್ತಾದ ಮೇಲೆ ನಾನೂ ನಕ್ಕೆ.
ಹೊಟ್ಟೆಯ ಮೇಲಿನ ತಣ್ಣನೆ ಅಂಟು ಹಾಗೇ ಇತ್ತು.

"ಮನೆಯಲ್ಲಿ ಯಾರಿಗಾದರೂ ಇತ್ತಾ?"
ನಮ್ಮಲ್ಲಿ ರೋಗಕ್ಕೆ ಹೆಸರಿರಲಿಲ್ಲ, ಹೆಂಗಸರಿಗಿತ್ತು:
ಗೊಡ್ಡಿ. ಮೀಸಿ ರಖುಮಿ.
ಅಜ್ಜಿ ಹನ್ನೆರಡು ವರ್ಷ ಹುತ್ತಕ್ಕೆ ಹಾಲೆರೆದವಳು.
ಅಪ್ಪನಿಗೆ ಇಪ್ಪತ್ತಾರಕ್ಕೇ ಬೋಳು, ನಲವತ್ತಕ್ಕೆ ಸಕ್ಕರೆ;
ಹಣೆ ಅಗಲ, ಭಾಗ್ಯವಂತ ಅಂದಿತು ಓಣಿ.
ಅದೂ ಇದೇ ದಾರ ಇರಬಹುದಂತೆ.

ಒಂದೇ ಜೀನ್ ಅಲ್ಲ, ಹತ್ತಾರು, ಅಂದರು.
ಇದ್ದರೂ ಎಲ್ಲರಲ್ಲಿ ಹೊರಬೀಳುವುದಿಲ್ಲ ಅಂದರು.
ಅಷ್ಟು ನನಗೆ ತಿಳಿಯುತ್ತದೆ.
ಕಟಿಂಗ್ ಮಾಸ್ಟರ್ ಖಾಜಾಹುಸೇನಿ
ಅರವತ್ತು ಪದರ ಹಾಸಿ ಒಂದೇ ಗೀಟಿಗೆ ಕೊಯ್ಯುತ್ತಾನೆ;
ಒಂದು ಕಲ್ಲಿನ ಜೊತೆ ಉರುಳಿ ಬಿಳಚುತ್ತದೆ,
ಒಂದು ಮೊಳಕಾಲಲ್ಲಿ ಹರಿಯುತ್ತದೆ,
ಒಂದು ಮಡಚಿದ ಮಡಿಕೆಯಲ್ಲೇ ಹೊಸದಾಗಿ ಕೂತಿರುತ್ತದೆ.
ತಂಗಿ ಸುಭದ್ರೆಗೆ ತಪ್ಪದೆ, ಸಂಬಳದ ಹಾಗೆ.
ನನಗೆ ಉಗಾದಿಗೊಮ್ಮೆ, ದಸರಾಕ್ಕೊಮ್ಮೆ.

ಕೌಲ್ ಬಜಾರಿನ ಮನೆ. ಮಧ್ಯಾಹ್ನ, ಕರೆಂಟಿಲ್ಲ.
ರಖುಮಾಬಾಯಿ ಅತ್ತೆ ಕಿಟಕಿ ಬೆಳಕಿಗೆ ಗದ್ದ ಎತ್ತಿ
ಚಿಮಟದಿಂದ ಕೂದಲು ಕೀಳುತ್ತಿದ್ದಳು.
ಮೂರು ವರ್ಷ ಗಂಡನ ಮನೆ, ನಲವತ್ತು ವರ್ಷ ಈ ಕಿಟಕಿ.
"ಅತ್ತೀ, ನನ್ನ ವಯಸ್ಸಿನ್ಯಾಗ ನೀನು
ಎಷ್ಟು ತಿಂಗಳಿಗೊಮ್ಮೆ ಹೊರಗ ಕೂಡ್ತಿದ್ದಿ?"
ಚಿಮಟ ನಿಂತಿತು.
"ನಾಲ್ಕು." ತಡೆದು, "ಒಮ್ಮೆ ಏಳು.
ಬಸುರಿ ಅಂತ ಕುಬಸಾ ಮಾಡಿದ್ರು. ಹಸರ ಸೀರಿ.
ಎಂಟರಾಗ ಆತು.
ಮರುದಿನಾನ ಬಸ್ ಹತ್ತಿಸಿದ್ರು."

ಕಾಗದ ಬಿಚ್ಚಿ ತೋರಿಸಿದೆ.
ನಿನ್ನ ತಮ್ಮನ ಕಡೆಯಿಂದ ಹರಿದು ಬಂದಿರಬೇಕು,
ಯಾರೂ ಮಾಡಿದ್ದಲ್ಲ, ಯಾವ ಹಾವೂ ಅಲ್ಲ,
ತಿಳಿದಷ್ಟು ಹೇಳಿದೆ.
ಅತ್ತೆ ಕನ್ನಡಕ ಹುಡುಕಿದಳು. ಬಹಳ ಹೊತ್ತು ನೋಡಿದಳು.
"ನನ್ನದು ನಿನಗ ಬಂತಾ."
ತಪ್ಪೊಪ್ಪಿದಂತೆ ಶುರುವಾದ ದನಿ
ಮುಗಿಯುವಾಗ ಬೇರೇನೋ ಆಗಿತ್ತು,
ತೊಟ್ಟಿಲ ಕಡೆಯ ಹೆಂಗಸರು ಮಾತಾಡುವಂಥದ್ದು.
ನನ್ನ ಗದ್ದ ಹಿಡಿದು ಬೆಳಕಿಗೆ ತಿರುವಿದಳು:
"ಅಲ್ಲಾಡಬ್ಯಾಡ. ಇಲ್ಲೊಂದೈತಿ."