ಟಿಕೆಟಿನ ಹಿಂಬದಿ

ಎರಡು ಸಲ ಒತ್ತಿದೆ.
ಮೊದಲ ಸಲ ಚಕ್ರ ತಿರುಗುತ್ತಲೇ ಇತ್ತು,
ಕೌಂಟರಿನಲ್ಲಿ ಕೆಮ್ಮಿನ ಔಷಧಿಗೆ ನಿಂತವರು
ಮೇಡಂ ಮೇಡಂ ಅನ್ನುತ್ತಿದ್ದರು.
ಎರಡನೇ ಸಲ ಒತ್ತಿದ ಮೇಲೆ ಎರಡೂ ಹೋಯಿತು:
ಆರು ಸಾವಿರದ ಎಂಟುನೂರ ನಲವತ್ತು,
ಮತ್ತೆ ಆರು ಸಾವಿರದ ಎಂಟುನೂರ ನಲವತ್ತು.

ತಿಂಗಳಿಗೆ ಸರಿಯಾಗಿ ಕಾರ್ಡಿನ ಲೆಕ್ಕ ಬಂತು.
ಕಟ್ಟಬೇಕಾದ ಮೊತ್ತದ ಮುಂದೆ ಒಂದು ಅಡ್ಡಗೀಟು.
ಮೈನಸ್ಸು ಕಂಡರೆ ಮೊದಲು ಎದೆ ಧಸಕ್ಕನ್ನುತ್ತದೆ,
ಆಮೇಲೆ ಕನ್ನಡಕ ಒರೆಸುತ್ತೇನೆ.
ಫೋನು ಮಾಡಿದೆ. ಹತ್ತು ನಿಮಿಷ ಏನೋ ವಾದ್ಯ ಕೇಳಿಸಿ
ಕೊನೆಗೆ ಒಬ್ಬ ಹುಡುಗ ಸಿಕ್ಕಿದ:
‘ಅದು ನೀವು ಕೊಡೋದಲ್ಲ ಪದ್ಮಲತಾ ಮೇಡಂ,
ನಾವು ನಿಮಗೆ ಕೊಡೋದು.’

ಇನ್ನೊಂದು ಸಲ ಹೇಳಪ್ಪ, ಅಂದೆ.
ಹೇಳಿದ.

ಹಾಸನದ ಸಾಲಗಾಮೆ ರಸ್ತೆಯಲ್ಲಿ
ಹತ್ತೊಂಬತ್ತು ವರ್ಷದ ಮೆಡಿಕಲ್ ಅಂಗಡಿ ನನ್ನದು.
ರಸ್ತೆಯ ಹೆಸರಿನಲ್ಲೇ ಸಾಲ ಇದೆಯಲ್ಲೇ ಎಂದು
ಬೋರ್ಡು ಬರೆಸಿದ ದಿನವೇ ನಮ್ಮನೆಯವರು ನಕ್ಕಿದ್ದರು.
ಫ್ರಿಜ್ಜಿನ ಸಾಲ, ಗಾಜಿನ ಬೀರುವಿನ ಸಾಲ,
ಬೆಂಗಳೂರಿನ ಡಿಸ್ಟ್ರಿಬ್ಯೂಟರಿಗೆ ತಿಂಗಳಾ ತಿಂಗಳಾ ಕಟ್ಟುವ ಕಥೆ.
ಇಷ್ಟರ ನಡುವೆ ಒಂದು ಬ್ಯಾಂಕು
ನನಗೆ ಬಾಕಿ ಬಿದ್ದದ್ದು ಇದೇ ಮೊದಲು.
ಅವತ್ತೆಲ್ಲ ಸ್ಟೂಲಿನ ಮೇಲೆ ಸ್ವಲ್ಪ ನೆಟ್ಟಗೆ ಕೂತಿದ್ದೆ.

ಬಡ್ಡಿ ಎಷ್ಟು ಕೊಡ್ತೀರಿ, ಕೇಳಿದೆ.
ಬಡ್ಡಿ ಇಲ್ಲ ಮೇಡಂ.
ನಾನು ಮೂರು ದಿನ ತಡ ಮಾಡಿದಾಗ ಇತ್ತಲ್ಲ?
ಅದು ಬೇರೆ ಮೇಡಂ.
ಹೌದು, ಅದು ಯಾವಾಗಲೂ ಬೇರೆ.
‘ವಾಪಸು ಬೇಕಂದ್ರೆ ಒಂದು ಅರ್ಜಿ ಹಾಕಿ.
ಇಲ್ಲಾಂದ್ರೆ ಹಾಗೇ ಇರಲಿ ಬಿಡಿ, ಖರ್ಚಾಗುತ್ತೆ.’

ಹಾಗೇ ಇರಲಿ ಬಿಡಿ
ಅಂದದ್ದಕ್ಕೆ ಜವರಯ್ಯ ನೆನಪಾದರು.

ಬೇಲೂರು ಲೈನಿನ ಕಂಡಕ್ಟರು. ರಿಟೈರಾದ ಮೇಲೆ
ಪ್ರತಿ ಐದನೇ ತಾರೀಖು ಬಿಪಿ ಮಾತ್ರೆಗೆ ಬರುತ್ತಿದ್ದರು.
ಬಿಲ್ಲು ನಾನೂರ ಎಪ್ಪತ್ಮೂರು,
ಇಡುತ್ತಿದ್ದದ್ದು ಮಡಿಕೆ ಬೀಳದ ಐನೂರರ ನೋಟು.
ನಾನು ಡ್ರಾಯರು ಎಳೆಯುವಷ್ಟರಲ್ಲಿ ಅಂಗೈ ಅಡ್ಡ:
‘ಹಿಂದ್ಗಡೆ ಬರ್ಕೊಳ್ಳವ್ವ.’

ಮೂವತ್ತೊಂದು ವರ್ಷ ಟಿಕೆಟಿನ ಹಿಂದ್ಗಡೆ ಬರೆದ ಕೈ.
ಎರಡು ರೂಪಾಯಿ, ಏಳು ರೂಪಾಯಿ,
ಅಂಕಿಯ ಸುತ್ತ ಒಂದು ಸುತ್ತು,
ಚಿಲ್ಲರೆ ಇಲ್ಲ, ಇಳಿಯುವಾಗ ಕೇಳಿ.
ಹಗರೆಯಲ್ಲಿ ಎಷ್ಟೋ ಜನ ಕೇಳದೆಯೇ ಇಳಿದರಂತೆ,
ಒಂದು ಕಂಕುಳಲ್ಲಿ ಕೂಸು, ಒಂದು ಕೈಯಲ್ಲಿ ಚೀಲ,
ಹಲ್ಲಲ್ಲಿ ಕಚ್ಚಿಕೊಂಡ ಟಿಕೆಟು.
ಇವರು ಅಷ್ಟರಲ್ಲಿ ರೈಟ್ ಅಂದುಬಿಟ್ಟಿರುತ್ತಿದ್ದರು.
‘ಅವರನ್ನೆಲ್ಲ ಎಲ್ಲೀಂತ ಹುಡುಕ್ಲಿ.
ನಿನ್ನತ್ರ ಇಟ್ಟಿರ್ತೀನಿ.’

ನನ್ನ ಉದ್ರಿ ಪುಸ್ತಕದಲ್ಲಿ ಎಲ್ಲರ ಪುಟದಲ್ಲೂ ಬಾಕಿ.
ಅವರೊಬ್ಬರ ಪುಟದಲ್ಲಿ ಜಮಾ.
ಹತ್ತೊಂಬತ್ತು ಐದನೇ ತಾರೀಖು, ಐನೂರ ಹದಿಮೂರು ರೂಪಾಯಿ.
ಇಪ್ಪತ್ತನೆಯದಕ್ಕೆ ಬರಲಿಲ್ಲ.

ತಿಥಿ ಕಳೆದ ಮೇಲೆ ಸೊಸೆ ಬಂದಳು,
ಮಗುವಿನ ಜ್ವರಕ್ಕೆ ಸಿರಪ್ಪು, ಒಂದು ಥರ್ಮಾಮೀಟರು,
ಇನ್ನೂರ ಎಂಬತ್ತು.
ಪುಸ್ತಕ ಮೊಣಕೈ ಕೆಳಗೇ ಇತ್ತು.
ಹೇಳಿದ್ದರೆ ಇನ್ನೂರ ಮೂವತ್ತಮೂರು ಉಳಿಯುತ್ತಿತ್ತು,
ಇನ್ನೊಂದು ಜ್ವರಕ್ಕೆ ಅದೂ ಇಲ್ಲ,
ಆ ಪುಟಕ್ಕೆ ಗೀಟು ಹೊಡೆಯಬೇಕು.
ಹೇಳಲಿಲ್ಲ. ದುಡ್ಡು ತೆಗೆದುಕೊಂಡೆ.
ಇದು ಮೋಸವೇ. ಬೇರೆ ಹೆಸರಿದ್ದರೆ ಯಾರಾದರೂ ಹೇಳಲಿ.

ಅರ್ಜಿ ಹಾಕಿಲ್ಲ. ಆ ಕಾರ್ಡನ್ನು ಎಲ್ಲೂ ಉಜ್ಜಿಯೂ ಇಲ್ಲ.
ತಿಂಗಳಿಗೊಮ್ಮೆ ಅಡ್ಡಗೀಟು ಬರುತ್ತದೆ,
ಮುಖ ನೋಡಿ ಇಡುತ್ತೇನೆ.

ಮೊನ್ನೆ ಸೊಸೆ ಮತ್ತೆ ಬಂದಿದ್ದಳು. ಹತ್ತಿ, ಹದಿನೆಂಟು ರೂಪಾಯಿ.
ಇಪ್ಪತ್ತರ ನೋಟು ಕೊಟ್ಟಳು.
ಚಿಲ್ಲರೆ ನಿಜವಾಗಲೂ ಇರಲಿಲ್ಲ.
ಎರಡು ಚಾಕೊಲೇಟು ಕೊಟ್ಟು ಕಳಿಸಬಹುದಿತ್ತು.
ಬಿಲ್ಲು ತಿರುಗಿಸಿದೆ,
ಎರಡು ಎಂದು ಬರೆದು
ಸುತ್ತ ಒಂದು ಸುತ್ತು ಹಾಕಿದೆ.
ಅವಳು ಅದನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತಳು.