ಹೇಗೆ ಕೇಳಿಸುತ್ತದೋ ಹಾಗೆ

ಬ್ಯಾಲರಾಟ್‌ನ ಜುಲೈ ಚಳಿ. ಅಂಗಡಿಯ ಬಾಗಿಲು ತಳ್ಳಿ ಬಂದ
ಮೊರೀನ್ ಟ್ರೆಗೆಂಜಾ ಕೈಗವಸು ಕಳಚದೆಯೇ ಕೇಳಿದಳು:
"ಸುಳ್ಳು ಹೇಳದ ಮೈಕು ಇದೆಯಾ, ಬಾಡಿಗೆಗೆ?"

ಸ್ಟೀರಿಯೋ ಮಾರುತ್ತಿದ್ದಾಳೆ.
ಎಪ್ಪತ್ನಾಲ್ಕರಲ್ಲಿ ತಾನೇ ಬೆಸುಗೆ ಹಾಕಿದ ವಾಲ್ವ್ ಆಂಪ್ಲಿಫೈಯರು,
ಬಟ್ಟೆ ಬೀರುವಿನಷ್ಟು ಎತ್ತರದ ಎರಡು ಸ್ಪೀಕರು.
ಹೊಸ ಫ್ಲಾಟಿನ ಗೋಡೆಯಾಚೆ ಯಾರದೋ ಕೂಸು ಮಲಗುತ್ತದಂತೆ.
ಅಡಿಲೇಡಿನ ಗಿರಾಕಿ ಬರೆದಿದ್ದಾನೆ: ಕೊಳ್ಳುವ ಮುಂಚೆ ಒಮ್ಮೆ ಕೇಳಿಸಿ,
ನಿಮ್ಮ ಮನೆಯಲ್ಲಿ ಅದು ಹೇಗೆ ಕೇಳಿಸುತ್ತದೋ ಹಾಗೆ.

ಅವನು ಅದನ್ನು ಕೇಳುವುದು ಅವನ ಸ್ಪೀಕರಿನಲ್ಲಿ, ಅಂದೆ ನಾನು.
ಪರವೂರ ನೀರಿನ ರುಚಿಯನ್ನು
ತನ್ನ ಬಾವಿಗೆ ಸುರಿದು ನೋಡಿದ ಹಾಗೆ.
"ಆದರೂ," ಅಂದಳು.

ರಾಣೆಬೆನ್ನೂರಿನಲ್ಲಿ ನನ್ನ ಸೋದರಮಾವನಿಗೆ ಮೈಕ್‌ಸೆಟ್ಟಿನ ಅಂಗಡಿ.
ಮದುವೆ, ಮುಂಜಿ, ಎಲೆಕ್ಷನ್ನು, ಎಲ್ಲಕ್ಕೂ ಒಂದೇ ಮೈಕು,
ಉಗುಳು ಕಂಡು ಕಂಡು ಜಾಲರಿ ತುಕ್ಕು ಹಿಡಿದದ್ದು.
"ಆರಿಸೋದೇನು ಬಂತು? ಬಾಯಿ ಹತ್ತಿರ ಇರಲಿ" ಅನ್ನುತ್ತಿದ್ದ.
ಇಲ್ಲಿ ಬಾಯಿಲ್ಲ. ಒಂದು ಕೋಣೆ ಇದೆ.
ಕೋಣೆಯ ಹತ್ತಿರ ಅಂದರೆ ಎಲ್ಲಿ?

ಶನಿವಾರ ಹೊತ್ತುಕೊಂಡು ಹೋದೆ.
ಮೊದಲನೆಯದು ಹೃದಯದಾಕಾರದಲ್ಲಿ ಕೇಳುವಂಥದು:
ಎದುರಿನದಕ್ಕೆ ಕಿವಿ, ಬೆನ್ನ ಹಿಂದಿನದಕ್ಕೆ ಕಿವುಡು.
ಸ್ಪೀಕರಿಗೆ ಮೊಳದ ದೂರದಲ್ಲಿ ಇಟ್ಟೆ.
ಸೆಲ್ಲೋ ಬಂತು, ಗಂಡಿನ ಕಡೆಗೆ ಕಳಿಸುವ ಫೋಟೋದ ಹಾಗೆ.
"ನನ್ನದು ಇಷ್ಟು ಚೆನ್ನಾಗಿಲ್ಲ. ತೆಗಿ."

ಎರಡನೆಯದು ರಿಬ್ಬನ್ನಿನದು, ಮುಂದೂ ಹಿಂದೂ ಕೇಳುತ್ತಿತ್ತು,
ಬೀಗರ ನಡುವೆ ಕೂತ ಹಿರಿಯನಂತೆ;
ವಯಸ್ಸೂ ಆಗಿತ್ತು, ಗರಗರ ಅಂದು ಸುಮ್ಮನಾಯಿತು.

ಕೊನೆಗೆ ಒಂದು ಜೊತೆ, ಪೆನ್ಸಿಲ್ ಗಾತ್ರದವು, ಸುತ್ತಲೂ ಕಿವಿ.
ಅವಳು ದಿನಾ ಕೂರುವ ಕುರ್ಚಿಯಲ್ಲಿ
ಅವಳ ತಲೆ ಇರುವಷ್ಟೇ ಎತ್ತರಕ್ಕೆ,
ಒಂದು ಗೇಣು ಅಂತರ ಬಿಟ್ಟು ನಿಲ್ಲಿಸಿದೆ.
ಜಾಗ ಬಿಟ್ಟುಕೊಟ್ಟು ಅವಳು ಬಾಗಿಲ ಬಳಿ ನಿಂತಳು.

ಆಮೇಲೆ ಹೆಡ್‌ಫೋನು ಹಾಕಿಕೊಂಡು ತುಂಬ ಹೊತ್ತು ಮಾತಾಡಲಿಲ್ಲ.
ಗ್ಯಾಸ್ ಹೀಟರಿನ ಉಸಿರು. ತಗಡಿನ ಸೂರಿನ ಮೇಲೆ ಮ್ಯಾಗ್‌ಪೈ ನಡಿಗೆ.
ಒಂದೇ ಒಂದು ಸ್ವರಕ್ಕೆ ಗುಂಯ್ ಅನ್ನುವ ಕಿಟಕಿ ಗಾಜು.
ಸೆಲ್ಲೋನೂ ಇತ್ತು, ಇವರ ನಡುವೆ
ಸ್ವಲ್ಪ ಸರಿಯಿರಿ ಅಂತ ಕೇಳಿ ಕೂತಂತೆ.
"ಈ ಕೋಣೆ ಇಷ್ಟು ಚಿಕ್ಕದಾ?"

ಐವತ್ತು ವರ್ಷ ಕಿವಿ ಇದನ್ನೆಲ್ಲ
ಅಕ್ಕಿಯ ಕಲ್ಲಿನಂತೆ ಆರಿಸಿ ಎಸೆದಿತ್ತು, ಅವಳಿಗೆ ಹೇಳದೆ.
ಮೈಕಿಗೆ ಆರಿಸಲು ಬರುವುದಿಲ್ಲ.
ಅದನ್ನು ನಾವು ಆರಿಸುತ್ತೇವೆ, ಅಷ್ಟೆ.

"ಇದನ್ನೇ ಕಳಿಸು."

ಮಂಗಳವಾರ ಅಡಿಲೇಡಿನಿಂದ ಉತ್ತರ:
ಕೊಳ್ಳುತ್ತೇನೆ. ಹೀಟರು ಸರಿ, ಹಕ್ಕಿ ಸರಿ.
ಮೂರನೇ ನಿಮಿಷದಿಂದ, ಎಡಕ್ಕೆ, ಹಿಂದೆ,
ಅರ್ಧ ಸ್ವರ ತಗ್ಗಿ ಯಾರೋ ಗುನುಗಿದಂತಿದೆಯಲ್ಲ,
ಅದು ಆಂಪ್ಲಿಫೈಯರಿನ ದೋಷವೆ?

ಓದಿ ಹೇಳಿದೆ. ಕೈಗವಸಿನ ಬೆರಳು ಒಂದೊಂದಾಗಿ ಎಳೆದುಕೊಳ್ಳುತ್ತ
"ಬರಿ," ಅಂದಳು. "ದೋಷವೇ. ಹಳೆಯದು.
ಪೆಟ್ಟಿಗೆಯ ಜೊತೆ ಅದು ಬರುವುದಿಲ್ಲ."